ಕೆಳಗಿರುವವರು ಸಹಿ ಹಾಕಿರುವುದಿಲ್ಲ

2017ರ ಆಗಸ್ಟ್ 2. ಪೋರ್ಚುಗಲ್‌ನಲ್ಲಿ ಬೇಸಿಗೆ ರಜೆಯ ಕಾಲ. ಲಿಸ್ಬನ್‌ನಿಂದ ಟೇಗಸ್ ನದಿ ದಾಟಿದರೆ ಕೋಸ್ಟಾ ದ ಕಪರಿಕಾ ಅನ್ನೋ ಕಡಲತೀರ ಸಿಗುತ್ತದೆ. ಅವತ್ತು ಅಲ್ಲಿ ಜನವೋ ಜನ. ಕಾಶ್ಕಾಯ್ಸ್ ಅನ್ನುವ ಸಣ್ಣ ಏರೋಡ್ರೋಮ್‌ನಿಂದ ಎವೊರಾ ಊರಿನ ಕಡೆ ಹೊರಟಿದ್ದ ಒಂದು ತರಬೇತಿ ವಿಮಾನದ ಎಂಜಿನ್ ದಾರಿಯಲ್ಲಿ ಕೈಕೊಟ್ಟಿತು. ಸೆಸ್ನಾ 152, ಎರಡೇ ಸೀಟು. ಒಳಗಿದ್ದವರು ಒಬ್ಬ ಇನ್‌ಸ್ಟ್ರಕ್ಟರ್, ಒಬ್ಬ ಸ್ಟೂಡೆಂಟ್. ವಿಮಾನ ಮರಳಿನ ಮೇಲೆ ಇಳಿಯಿತು. ಒಳಗಿದ್ದ ಇಬ್ಬರಿಗೂ ಏನೂ ಆಗಲಿಲ್ಲ. ಮರಳಿನ ಮೇಲಿದ್ದ 56 ವರ್ಷದ ಒಬ್ಬ ಗಂಡಸು ಮತ್ತು 8 ವರ್ಷದ ಒಬ್ಬ ಹುಡುಗಿ ಸತ್ತುಹೋದರು.

ಮಾರನೇ ದಿನದಿಂದ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರ ಇತ್ತಲ್ಲ, ಅದರಲ್ಲಿ ಯಾಕೆ ಇಳಿಸಲಿಲ್ಲ?

ಇಷ್ಟು ವರ್ಷ ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೊಂದು ಸ್ವಂತ ಕಾರಣವೂ ಇದೆ. ನನ್ನ ಅಕ್ಕನ ಮಗಳು ಈಗ ಪೈಲಟ್ ಆಗೋಕೆ ಕಲೀತಾ ಇದ್ದಾಳೆ. ಕಮರ್ಷಿಯಲ್ ಲೈಸೆನ್ಸ್ ಬೇಕಾದರೆ ನಮ್ಮಲ್ಲಿ 200 ಗಂಟೆ ಹಾರಿರಬೇಕು. ಅವಳು ಆ ಗಂಟೆಗಳನ್ನು ಒಂದೊಂದಾಗಿ ಕೂಡಿಸ್ತಾ ಇರೋದು ಅದೇ ಸೆಸ್ನಾ 152ರಲ್ಲಿ. ಹಾಗಾಗಿ ಈ ಸುದ್ದಿಯನ್ನು ನಾನು ಒಂದೇ ಕಡೆ ನಿಂತು ಓದೋಕಾಗಲ್ಲ. ಬೀಚಿನಲ್ಲಿ ಟವೆಲ್ ಹಾಸಿಕೊಂಡು ಮಲಗಿದವನಾಗಿ ಓದಿದರೆ ಸಿಟ್ಟು ಬರುತ್ತೆ. ಎಡಗಡೆ ಸೀಟಲ್ಲಿ ಕೂತ ಹುಡುಗಿಯ ಸೋದರಮಾವನಾಗಿ ಓದಿದರೆ, ಆ ಇಬ್ಬರೂ ಬದುಕಿದರಲ್ಲ ಅಂತ ಮನಸ್ಸಿನ ಯಾವುದೋ ಮೂಲೆ ಉಸಿರು ಬಿಡುತ್ತೆ. ಈ ಎರಡೂ ನಿಜವೇ. ಇವುಗಳ ನಡುವೆ ಯಾವುದು ಸರಿ ಅಂತ ಹೇಳೋಕೆ ಬರುತ್ತಾ ಅನ್ನೋದು ಪ್ರಶ್ನೆ.

ಮೊದಲು ಎಂಜಿನ್ ನಿಂತರೆ ಏನಾಗುತ್ತೆ ಅಂತ ನೋಡೋಣ. ಸಿನಿಮಾದಲ್ಲಿ ತೋರಿಸೋ ಹಾಗೆ ವಿಮಾನ ಕಲ್ಲಿನಂತೆ ಬೀಳೋದಿಲ್ಲ. ರೆಕ್ಕೆ ರೆಕ್ಕೆಯೇ, ಎಂಜಿನ್ ಇರಲಿ ಬಿಡಲಿ. ಸೆಸ್ನಾ 152ರ ಮೂಗನ್ನು ಸ್ವಲ್ಪ ಕೆಳಗೆ ಮಾಡಿ 60 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 110 ಕಿಲೋಮೀಟರ್, ಹಿಡಿದುಕೊಂಡರೆ ಅದು ತೇಲುತ್ತಾ ಇಳಿಯುತ್ತೆ. 1000 ಅಡಿ ಎತ್ತರದಲ್ಲಿದ್ದರೆ ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್ ದೂರ ಹೋಗಬಹುದು. ಸಮಯ ಸಿಗೋದು ಒಂದೂವರೆ ನಿಮಿಷ. ಟ್ರಾಫಿಕ್ ಸಿಗ್ನಲ್‌ನಲ್ಲಿ ನಾವು ಮೊಬೈಲ್ ತೆಗೆದು ನೋಡುವಷ್ಟು ಹೊತ್ತು.

ಆ ಒಂದೂವರೆ ನಿಮಿಷದಲ್ಲಿ ಮಾಡಬೇಕಾದ ಕೆಲಸ ಬಹಳ. ವೇಗ ಸರಿ ಮಾಡಬೇಕು. ಇಳಿಯೋಕೆ ಜಾಗ ಹುಡುಕಬೇಕು, ಗಾಳಿ ಯಾವ ಕಡೆಯಿಂದ ಅಂತ ನೋಡಬೇಕು. ಪೆಟ್ರೋಲ್ ವಾಲ್ವ್ ತೆರೆದಿದೆಯಾ, ಮಿಕ್ಸ್ಚರ್ ಸರಿ ಇದೆಯಾ, ಮ್ಯಾಗ್ನೆಟೊ ಎರಡೂ ಆನ್ ಇವೆಯಾ ಅಂತ ಕೈಯಾಡಿಸಬೇಕು. ರೇಡಿಯೊದಲ್ಲಿ ಮೇಡೇ ಅನ್ನಬೇಕು. ಇಳಿಯುವ ಮುಂಚೆ ಬಾಗಿಲು ಸ್ವಲ್ಪ ತೆರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಡಿತಕ್ಕೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಹಾಕಿಕೊಳ್ಳಬಹುದು. ಇದೆಲ್ಲದರ ಜೊತೆಗೆ, ಆಗಬಾರದ್ದು ಆಗಿಬಿಟ್ಟಿದೆ ಅನ್ನೋದನ್ನು ನಂಬಬೇಕು. ಎಲ್ಲಕ್ಕಿಂತ ಕಷ್ಟ ಇದೇ ಅಂತ ಅಕ್ಕನ ಮಗಳು ಹೇಳ್ತಾಳೆ. ಮೊದಲ ಕೆಲವು ಸೆಕೆಂಡು ಮನಸ್ಸು ಒಪ್ಪೋದೇ ಇಲ್ಲವಂತೆ. ಇನ್‌ಸ್ಟ್ರಕ್ಟರ್ ಸುಮ್ಮನೆ ಥ್ರಾಟಲ್ ಎಳೆದು ಪರೀಕ್ಷೆ ಮಾಡಿದಾಗಲೂ!

ಇನ್ನು ಸಮುದ್ರದ ವಿಷಯ. ನಮಗೆ ದಡದಿಂದ ನೋಡಿದರೆ ನೀರು ಮೆತ್ತಗೆ ಕಾಣುತ್ತೆ. ಸೆಸ್ನಾದ ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ, ಯಾವಾಗಲೂ ಕೆಳಗೇ ಇರುತ್ತವೆ. ನೀರಿಗೆ ತಾಗಿದ ಕೂಡಲೇ ಅವು ಸಿಕ್ಕಿಕೊಂಡು ವಿಮಾನ ಮುಂದಕ್ಕೆ ಮಗುಚಬಹುದು. ಆಗ ಒಳಗಿದ್ದವರು ತಲೆಕೆಳಗಾಗಿ, ನೀರೊಳಗೆ, ಬೆಲ್ಟ್ ಬಿಚ್ಚಿಕೊಂಡು ಹೊರಗೆ ಬರಬೇಕು. ಹೊರಗೆ ಬಂದು ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ಬಾರದವರೂ ಇದ್ದಾರೆ. ಗದ್ದೆಯಲ್ಲಿ ಇಳಿಯೋ ಹಾಗೆ ನಟಿಸಿ ಕೊನೇ ಗಳಿಗೆಯಲ್ಲಿ ಮೇಲೇರುವುದನ್ನು ಸ್ಟೂಡೆಂಟ್‌ಗಳು ನೂರಾರು ಸಲ ಅಭ್ಯಾಸ ಮಾಡುತ್ತಾರೆ. ನೀರಿಗೆ ಬೀಳೋದನ್ನು ಅವರು ಬಹುಮಟ್ಟಿಗೆ ಪುಸ್ತಕದಲ್ಲಿ ಓದುವುದಷ್ಟೇ. ಗಾಬರಿಯಾದಾಗ ಮನುಷ್ಯ ಮಾಡೋದು ಅಭ್ಯಾಸವಾದದ್ದನ್ನೇ. ಚಪ್ಪಟೆ ನೆಲ ಹುಡುಕು ಅಂತ ಕಣ್ಣಿಗೆ ಹೇಳಿಕೊಟ್ಟಿದ್ದರೆ ಕಣ್ಣು ಚಪ್ಪಟೆ ನೆಲವನ್ನೇ ಹುಡುಕುತ್ತೆ. ಬೀಚಿನಷ್ಟು ಚಪ್ಪಟೆ ನೆಲ ಇನ್ನೆಲ್ಲಿ?

ಇದನ್ನು ಕ್ಷಮಾಪಣೆ ಅಂತ ಹೇಳ್ತಾ ಇಲ್ಲ. ಸಮುದ್ರ ಯಾಕಿಲ್ಲ ಅಂತ ಕೇಳುವಾಗ ನಾವು ಏನು ಕೇಳ್ತಾ ಇದ್ದೀವಿ ಅನ್ನೋದು ಗೊತ್ತಿರಲಿ ಅಂತ. ನಿನ್ನ ಜೀವದ ಅಪಾಯ ಹೆಚ್ಚು ಮಾಡಿಕೋ, ನಮ್ಮದನ್ನು ಕಡಿಮೆ ಮಾಡು ಅಂತ ಕೇಳ್ತಾ ಇದ್ದೀವಿ. ಹಾಗೆ ಕೇಳುವ ಹಕ್ಕು ನಮಗಿದೆಯಾ?

ಟ್ರಾಲಿ ಸಮಸ್ಯೆ ನಿಮಗೆ ಗೊತ್ತಿರುತ್ತೆ. ಬ್ರೇಕ್ ಇಲ್ಲದ ಟ್ರಾಮ್ ಹಳಿ ಮೇಲಿರೋ ಐದು ಜನರ ಕಡೆ ನುಗ್ತಾ ಇದೆ, ಪಕ್ಕದ ಹಳಿಗೆ ತಿರುಗಿಸಿದರೆ ಒಬ್ಬ ಸಾಯ್ತಾನೆ, ಏನು ಮಾಡ್ತೀರಿ? ಆಫೀಸ್ ಕ್ಯಾಂಟೀನ್‌ನಲ್ಲಿ, ಸೆಲ್ಫ್ ಡ್ರೈವಿಂಗ್ ಕಾರಿನ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಎತ್ತುತ್ತಾರೆ. ಇದರ ಮೂಲ ಇರೋದು ಬ್ರಿಟಿಷ್ ತತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಬರೆದ ಒಂದು ಲೇಖನದಲ್ಲಿ. ಹೆಚ್ಚಿನವರು ಗಮನಿಸದ ಒಂದು ವಿಷಯ ಅಂದ್ರೆ, ಆ ಲೇಖನದಲ್ಲಿ ಟ್ರಾಮ್ ಬರುವ ಮುಂಚೆ ಒಂದು ವಿಮಾನ ಬರುತ್ತೆ. ಬೀಳಲಿರುವ ವಿಮಾನದ ಪೈಲಟ್ ಒಬ್ಬ, ಹೆಚ್ಚು ಜನ ಇರೋ ಕಡೆಯಿಂದ ಕಡಿಮೆ ಜನ ಇರೋ ಕಡೆಗೆ ಅದನ್ನು ತಿರುಗಿಸಬಹುದಾ ಅಂತ ಫುಟ್ ಕೇಳುತ್ತಾರೆ. ಹೋಲಿಕೆ ಇನ್ನೂ ಹತ್ತಿರವಾಗಲಿ ಅಂತ ಆಮೇಲೆ ಟ್ರಾಮ್ ಡ್ರೈವರ್‌ನನ್ನು ತರುತ್ತಾರೆ. ಪೈಲಟ್ ಮರೆತುಹೋದ, ಟ್ರಾಮ್ ಉಳಿಯಿತು.

ಟ್ರಾಮ್ ಉಳಿದದ್ದರಿಂದ ನಮಗೊಂದು ನಷ್ಟವಾಯ್ತು ಅಂತ ನನ್ನ ಅನಿಸಿಕೆ. ಟ್ರಾಮಿನ ಲೆಕ್ಕದಲ್ಲಿ ಸನ್ನೆ ಹಿಡಿದವನಿಗೆ ಏನೂ ಆಗೋದಿಲ್ಲ. ಅವನು ಬೇರೆಯವರ ಜೀವಗಳನ್ನು ಕೂಡಿ ಕಳೆಯುತ್ತಾನೆ ಅಷ್ಟೆ. ಪೈಲಟ್ ಆ ಲೆಕ್ಕದ ಒಳಗೇ ಕೂತಿರುತ್ತಾನೆ. ಜುಡಿತ್ ಜಾರ್ವಿಸ್ ಥಾಮ್ಸನ್ ಅನ್ನುವ ಅಮೆರಿಕದ ತತ್ವಶಾಸ್ತ್ರಜ್ಞೆ ಇದೇ ಟ್ರಾಲಿಯ ಬಗ್ಗೆ ದಶಕಗಳ ಕಾಲ ಬರೆದರು. ದಾರಿಹೋಕನೊಬ್ಬ ಸನ್ನೆ ಎಳೆದು ಟ್ರಾಮನ್ನು ಒಬ್ಬನ ಕಡೆ ತಿರುಗಿಸುವುದು ಸರಿ ಅಂತ ಮೊದಲು ವಾದಿಸಿದ್ದವರು 2008ರಲ್ಲಿ ತಮ್ಮ ನಿಲುವನ್ನೇ ಬದಲಿಸಿದರು. ಅವರ ವಾದದ ತಿರುಳು ಇಷ್ಟು: ಆ ಜಾಗದಲ್ಲಿ ನೀನೇ ಇದ್ದಿದ್ದರೆ ಜೀವ ಕೊಡೋಕೆ ತಯಾರಿರುತ್ತಿರಲಿಲ್ಲ ಅಂತಾದರೆ, ಇನ್ನೊಬ್ಬನ ಜೀವವನ್ನು ದಾನ ಮಾಡುವ ಅಧಿಕಾರ ನಿನಗಿಲ್ಲ. ಪರರ ಗಂಟಿನಲ್ಲಿ ಧರ್ಮ ಮಾಡಬೇಡ ಅಂತ ನಮ್ಮ ಅಜ್ಜಿಯಂದಿರು ಹೇಳ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ.

ಬೀಚಿಗೆ ಇದನ್ನು ಹಚ್ಚಿ ನೋಡಿ. ಹಾರೋಕೆ ಹೋದವರು ಅಪಾಯ ಗೊತ್ತಿದ್ದೇ ಹೋದವರು. ಫಾರ್ಮಿಗೆ ಸಹಿ ಹಾಕಿರುತ್ತಾರೆ, ಮೆಡಿಕಲ್ ಮಾಡಿಸಿರುತ್ತಾರೆ, ಎಂಜಿನ್ ನಿಂತರೆ ಏನು ಮಾಡಬೇಕು ಅಂತ ಪರೀಕ್ಷೆ ಬರೆದಿರುತ್ತಾರೆ. ಹಾರಾಟದ ಲಾಭವೂ ಅವರದ್ದೇ. ಲೈಸೆನ್ಸ್, ಕೆಲಸ, ಸಂಬಳ, ಮೇಲಿಂದ ಭೂಮಿ ನೋಡೋ ಖುಷಿ. ಮರಳಲ್ಲಿ ಆಡ್ತಾ ಇದ್ದ ಮಗು ಯಾವುದಕ್ಕೂ ಸಹಿ ಹಾಕಿರಲಿಲ್ಲ. ಅದಕ್ಕೆ ಎಚ್ಚರಿಕೆ ಕೂಡ ಸಿಗಲ್ಲ, ಯಾಕಂದ್ರೆ ಎಂಜಿನ್ ಇಲ್ಲದೆ ತೇಲಿ ಬರೋ ವಿಮಾನ ಹೆಚ್ಚು ಸದ್ದು ಮಾಡೋದಿಲ್ಲ. ಲಾಭ ಯಾರಿಗೋ ಅಪಾಯವೂ ಅವರಿಗೇ ಅನ್ನೋದು ನ್ಯಾಯ. ಆದ್ದರಿಂದ ನನ್ನ ಉತ್ತರ ಇದು: ಕೆಳಗೆ ಜನರಿದ್ದರೆ ಪೈಲಟ್ ಬೇರೆ ಕಡೆ ಹೋಗಬೇಕು. ಆ ಬೇರೆ ಕಡೆ ಅವನಿಗೆ ಹೆಚ್ಚು ಅಪಾಯದ್ದಾದರೂ.

ಇದನ್ನು ಅಕ್ಕನ ಮನೆಯಲ್ಲಿ ಊಟದ ಹೊತ್ತಲ್ಲಿ ಹೇಳಿದೆ. ಅಕ್ಕ ಬಡಿಸ್ತಾ ಇದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಏನೋ, ನನ್ನ ಮಗಳಿಗೆ ಸಮುದ್ರಕ್ಕೆ ಬೀಳು ಅಂತ ಹೇಳ್ಕೊಡ್ತಾ ಇದ್ದೀಯಾ?"

"ಅಕ್ಕಾ, ಹಾಗಲ್ಲ..."

"ಮತ್ತೆ ಹೇಗೆ? ನಿನ್ನ ಮಗಳಾಗಿದ್ರೆ ಹೇಳ್ತಿದ್ದೆಯಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಥಾಮ್ಸನ್ ಕೇಳಿದ್ದೂ ಅದೇ ತಾನೇ. ನೀನು ತೆರೋಕೆ ತಯಾರಿಲ್ಲದ ಬೆಲೆಯನ್ನು ಬೇರೆಯವರ ಮೇಲೆ ಹೊರಿಸಬೇಡ ಅಂತ. ಅಕ್ಕ ಆ ಮಾತನ್ನು ತಿರುಗಿಸಿ ನನ್ನ ಕಡೆಗೇ ಹಿಡಿದಳು. ನೆಲದ ಮೇಲೆ ಕೂತು, ಸಾರು ಅನ್ನ ಉಣ್ತಾ, ಇಪ್ಪತ್ತೊಂದು ವರ್ಷದ ಹುಡುಗಿಗೆ ತ್ಯಾಗದ ಪಾಠ ಹೇಳೋದು ಸುಲಭ.

ಆದರೂ ಯೋಚನೆ ಮಾಡಿದರೆ, ಅಕ್ಕನ ಪ್ರಶ್ನೆ ನನ್ನ ಬಾಯಿ ಮುಚ್ಚಿಸಿತೇ ಹೊರತು ನಿಲುವನ್ನು ಬದಲಿಸಲಿಲ್ಲ. ಕಪರಿಕಾದ ಹುಡುಗಿಗೂ ಒಬ್ಬ ತಾಯಿ ಇರುತ್ತಾಳೆ. ಇಬ್ಬರು ತಾಯಂದಿರನ್ನು ಎದುರುಬದುರು ಕೂರಿಸಿದರೆ, ಪ್ರೀತಿಯ ತೂಕದಲ್ಲಿ ಯಾರೂ ಕಡಿಮೆ ಇಲ್ಲ. ಅದಕ್ಕೇ ಪ್ರೀತಿಯಿಂದ ಈ ಲೆಕ್ಕ ಮುಗಿಯಲ್ಲ. ಒಪ್ಪಿಗೆ ಕೊಟ್ಟವರು ಯಾರು, ಕೊಡದೇ ಇದ್ದವರು ಯಾರು ಅನ್ನೋದರಿಂದಲೇ ಮುಗಿಯಬೇಕು. ನಮ್ಮ ಘಾಟಿಗಳಲ್ಲಿ ಬ್ರೇಕ್ ಹೋದ ಬಸ್ಸನ್ನು ಕಣಿವೆ ಕಡೆ ಬಿಡದೆ, ಎದುರು ಬರೋ ಗಾಡಿಗಳ ಮೇಲೂ ಹೋಗದೆ, ಗುಡ್ಡದ ಬದಿಗೆ ಗುದ್ದಿಸಿ ನಿಲ್ಲಿಸುವ ಡ್ರೈವರ್ ಬಗ್ಗೆ ಕೇಳಿದಾಗ ನಾವು ತಲೆ ಬಾಗುತ್ತೀವಿ. ಅವನಿಗೂ ಹೆಂಡತಿ ಮಕ್ಕಳು ಇರ್ತಾರೆ ಅನ್ನೋದು ಗೊತ್ತಿದ್ದೇ ಬಾಗುತ್ತೀವಿ.

ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಏನು ಮಾಡಬೇಕಿತ್ತು ಅನ್ನೋದು ಒಂದು. ಮಾಡದೇ ಇದ್ದವನನ್ನು ಎಷ್ಟು ದೂಷಿಸಬೇಕು ಅನ್ನೋದು ಇನ್ನೊಂದು. ನಾವು ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಎರಡನೆಯದಕ್ಕೆ ಹಾರಿಬಿಡ್ತೀವಿ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಬಲ ಕಳೆದುಕೊಂಡ ವಿಮಾನವನ್ನು ಕ್ಯಾಪ್ಟನ್ ಸಲೆನ್‌ಬರ್ಗರ್ ಹಡ್ಸನ್ ನದಿಯ ಮೇಲೆ ಇಳಿಸಿದ್ದು ನಿಮಗೆ ಗೊತ್ತು. 155 ಜನರೂ ಉಳಿದರು. ತನಿಖೆಯ ವೇಳೆ ಸಿಮ್ಯುಲೇಟರಿನಲ್ಲಿ ಪ್ರಯೋಗ ಮಾಡಿದಾಗ, ಹಕ್ಕಿ ಬಡಿದ ಕೂಡಲೇ ತಿರುಗಿದ ಕೆಲವು ಪೈಲಟ್‌ಗಳು ರನ್‌ವೇಗೆ ವಾಪಸ್ ಮುಟ್ಟಿದ್ದರು. ಆದರೆ ಏನಾಯ್ತು ಅಂತ ತಿಳಿದು ತೀರ್ಮಾನ ಮಾಡೋಕೆ ಬೇಕಾದ 35 ಸೆಕೆಂಡು ಸೇರಿಸಿ ಹಾರಿಸಿದಾಗ ಮುಟ್ಟಲಾಗಲಿಲ್ಲ. ಮನುಷ್ಯನನ್ನು ಅಳೆಯುವಾಗ ಆ 35 ಸೆಕೆಂಡನ್ನು ಅವನ ಖಾತೆಗೆ ಹಾಕಲೇಬೇಕು. ಕಪರಿಕಾದವರಿಗೂ ಆ ಸೆಕೆಂಡುಗಳು ಸಲ್ಲಬೇಕು.

ಹಾಗಾದರೆ ಸರಿಯಾದ ನಿರ್ಧಾರ ಮಾಡೋ ಜಾಗ ಎಲ್ಲಿ? ಅದು ಆಕಾಶದಲ್ಲಿಲ್ಲ ಅಂತ ನನಗನ್ನಿಸುತ್ತೆ. ತರಬೇತಿಯಲ್ಲಿ ಎರಡು ವಿಷಯ ಹೇಳಿಕೊಡ್ತಾರೆ, ಎರಡೂ ಬಹಳ ಹಿಡಿಸಿದವು.

ಒಂದು, ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗಬೇಡ, ಮುಂದೆ ಏನಿದೆಯೋ ಅದರಲ್ಲೇ ಇಳಿ. ಹಿಂದೆ ಅಚ್ಚುಕಟ್ಟಾದ ರನ್‌ವೇ ಇದೆ, ಮುಂದೆ ಬರೀ ಹೊಲ, ಗಿಡಗಂಟಿ. ಮನಸ್ಸು ಹಿಂದಕ್ಕೇ ಎಳೆಯುತ್ತೆ. ಆದರೆ ತಿರುಗೋಕೆ ವಿಮಾನವನ್ನು 45 ಡಿಗ್ರಿ ವಾಲಿಸಿದರೆ ಅದು ಸ್ಟಾಲ್ ಆಗುವ ವೇಗ ಸುಮಾರು 19 ಪರ್ಸೆಂಟ್ ಏರುತ್ತೆ. 60 ಡಿಗ್ರಿ ವಾಲಿಸಿದರೆ 41 ಪರ್ಸೆಂಟ್. ಎತ್ತರ ಇಲ್ಲ, ವೇಗ ಇಲ್ಲ, ತಿರುಗೋಕೆ ಹೋಗಿ ಅರ್ಧದಲ್ಲೇ ರೆಕ್ಕೆ ಸೋಲುತ್ತೆ. ಇದಕ್ಕೆ ಅಸಾಧ್ಯ ತಿರುವು ಅಂತಲೇ ಹೆಸರು. ಅದಕ್ಕೇ ಪ್ರತಿ ಟೇಕಾಫ್ ಮುಂಚೆ, ಇನ್ನೂ ನೆಲದ ಮೇಲಿರುವಾಗಲೇ, ಬಾಯಿಬಿಟ್ಟು ಹೇಳ್ತಾರೆ: ಇಷ್ಟು ಅಡಿಯ ಒಳಗೆ ಎಂಜಿನ್ ಹೋದರೆ ನೇರ ಮುಂದಕ್ಕೆ, ತಿರುಗೋದಿಲ್ಲ. ಭಯ ಬರೋ ಮುಂಚೆಯೇ ನಿರ್ಧಾರ ಮುಗಿದಿರುತ್ತೆ.

ಇನ್ನೊಂದು ಕಾರ್ಬ್ಯುರೇಟರಿನ ಮಂಜು. ಹೊರಗೆ 20 ಡಿಗ್ರಿ ಬಿಸಿ ಇದ್ದರೂ, ಗಾಳಿಯಲ್ಲಿ ತೇವ ಇದ್ದರೆ ಸೆಸ್ನಾ 152ರಂಥ ಎಂಜಿನ್ನಿನ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿ ಅಷ್ಟು ತಣ್ಣಗಾಗುತ್ತೆ. ಎಂಜಿನ್ನಿನ ಆರ್‌ಪಿಎಂ ನಿಧಾನಕ್ಕೆ ಇಳಿಯುತ್ತೆ. ಬಿಸಿಗಾಳಿ ಬಿಡೋ ಒಂದು ಗುಂಡಿ ಇದೆ, ಎಳೆಯಬೇಕು. ಎಳೆದ ಕೂಡಲೇ ಕರಗಿದ ನೀರು ಎಂಜಿನ್ ಒಳಗೆ ಹೋಗಿ ಅದು ಇನ್ನೂ ಜೋರಾಗಿ ಕೆಮ್ಮುತ್ತೆ. ಹೊಸಬರು ಹೆದರಿ ಗುಂಡಿಯನ್ನು ವಾಪಸ್ ಒತ್ತಿಬಿಡ್ತಾರೆ. ಒತ್ತಬಾರದು. ಔಷಧಿ ಮೊದಲು ಕಾಯಿಲೆಯನ್ನು ಹೆಚ್ಚು ಮಾಡುತ್ತೆ, ಆಮೇಲೆ ವಾಸಿ ಮಾಡುತ್ತೆ ಅಂತ ಮೊದಲೇ ಗೊತ್ತಿದ್ದವನಿಗೆ ಮಾತ್ರ ಕೈ ತಡೆಯೋಕಾಗುತ್ತೆ.

ನೈತಿಕತೆ ಅಂತ ನಾವು ಕರೆಯೋದೂ ಹೀಗೇ ಇರಬಹುದು. ಕ್ಷಣದಲ್ಲಿ ಹುಟ್ಟುವ ಧೈರ್ಯವನ್ನು ನಂಬಿಕೊಂಡು ಕೂರೋಕಾಗಲ್ಲ. ಮುಂಚೆ, ತಣ್ಣಗಿರುವಾಗ ಹೇಳಿಕೊಂಡದ್ದು ಮಾತ್ರ ಆ ಹೊತ್ತಿಗೆ ಕೈಗೆ ಬರುತ್ತೆ. ಹಾಗಿದ್ದರೆ ಕೆಳಗಿರೋ ಜನರ ಹೆಸರು ಆ ಟೇಕಾಫ್ ಮುಂಚಿನ ಮಾತಿನಲ್ಲೇ ಬರಬೇಕು. ಇವತ್ತು ರಜೆ, ಕಡಲತೀರದಲ್ಲಿ ಜನ ಇರ್ತಾರೆ, ಎಂಜಿನ್ ಹೋದರೆ ನಾವು ನೀರಿಗೆ ಇಳಿಯೋದು. ಒಂದು ವಾಕ್ಯ. ಹೇಳೋಕೆ ಹತ್ತು ಸೆಕೆಂಡು ಬೇಡ.

ಇನ್ನೊಂದು ವಿಷಯ ಹೇಳದೆ ಹೋದರೆ ಅನ್ಯಾಯ. ಒಂದೂವರೆ ನಿಮಿಷ ಸಿಕ್ಕವನನ್ನು ನಾವು ಕಟಕಟೆಯಲ್ಲಿ ನಿಲ್ಲಿಸ್ತೀವಿ, ವರ್ಷಗಟ್ಟಲೆ ಸಮಯ ಸಿಕ್ಕವರನ್ನು ಕೇಳೋದೇ ಇಲ್ಲ. ನಮ್ಮ ಎಚ್‌ಎಎಲ್‌ನ ಎಚ್‌ಪಿಟಿ-32 ದೀಪಕ್ ವಿಮಾನವನ್ನೇ ತಗೊಳ್ಳಿ. 1977ರಲ್ಲಿ ಮೊದಲು ಹಾರಿದ್ದು. ಒಂದೇ ಪಿಸ್ಟನ್ ಎಂಜಿನ್. ವಾಯುಪಡೆಯ ಪೈಲಟ್‌ಗಳ ತಲೆಮಾರುಗಳು ಅದರಲ್ಲೇ ಮೊದಲ ಪಾಠ ಕಲಿತವು. ಹಾರುವಾಗ ಎಂಜಿನ್ ನಿಲ್ಲೋದು ಅದರ ಹಳೇ ತೊಂದರೆ. 2009ರ ಜುಲೈ ಕೊನೆಯಲ್ಲಿ ಹೈದರಾಬಾದ್ ಹತ್ತಿರ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಸತ್ತ ಮೇಲೆ ಅದನ್ನು ನೆಲಕ್ಕೆ ಕಟ್ಟಿಹಾಕಿದರು. ಅಷ್ಟರಲ್ಲಿ 17 ಅಪಘಾತಗಳಾಗಿ 19 ಪೈಲಟ್‌ಗಳು ಹೋಗಿದ್ದರು. ಎಳೆಯ ಕೆಡೆಟ್ ಒಬ್ಬ ಗಾಳಿಯಲ್ಲಿ ತೆಗೆದುಕೊಂಡ ನಿರ್ಧಾರವನ್ನು ಪುಟಗಟ್ಟಲೆ ಪರಿಶೀಲಿಸಬಹುದು. ಆದರೆ ಇನ್ನೊಂದು ವರ್ಷ ನೋಡೋಣ ಅಂತ ಫೈಲು ಪಕ್ಕಕ್ಕಿಡೋದೂ ಒಂದು ನಿರ್ಧಾರವೇ. ಅದನ್ನು ಮಾಡುವವರ ಕೈಗೆ 35 ಸೆಕೆಂಡಿನ ರಿಯಾಯಿತಿ ಸಲ್ಲೋದಿಲ್ಲ.

ನಮ್ಮ ಕಡೆಗೂ ಬೆರಳು ತಿರುಗುತ್ತೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗುವಾಗ ಬಲಕ್ಕೆ ಜಕ್ಕೂರು ಏರೋಡ್ರೋಮ್ ಇದೆಯಲ್ಲ, ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಇರೋದು ಅಲ್ಲೇ. ಅದರ ಸುತ್ತಮುತ್ತ ಈಗ ಅಪಾರ್ಟ್‌ಮೆಂಟುಗಳು, ಎಲಿವೇಟೆಡ್ ರಸ್ತೆ, ಅದರ ಮೇಲೆ ನಿಲ್ಲದ ಕ್ಯಾಬುಗಳು. ಎಂಜಿನ್ ಹೋದರೆ ಮುಂದೆ ಏನಿದೆಯೋ ಅದರಲ್ಲಿ ಇಳಿ ಅಂತ ಹೇಳೋದು ಸರಿ. ಆದರೆ ಆ ಮುಂದೆ ಅನ್ನೋ ಜಾಗವನ್ನು ನಾವೆಲ್ಲ ಸೇರಿ ಟೂ ಬಿಎಚ್‌ಕೆ, ತ್ರೀ ಬಿಎಚ್‌ಕೆ ಮಾಡಿ ಲೋನ್ ತಗೊಂಡಿದ್ದೀವಿ. ತಪ್ಪಿಗೆ ಜಾಗ ಉಳಿಸದ ಊರು, ತಪ್ಪಾದಾಗ ಡ್ರೈವರ್‌ನನ್ನೋ ಪೈಲಟ್‌ನನ್ನೋ ಹುಡುಕುತ್ತೆ. ಹತ್ತು ನಿಮಿಷದಲ್ಲಿ ಹಾಲು ತರೋ ಹುಡುಗ ಸಿಗ್ನಲ್ ಹಾರಿಸಿ ಯಾರಿಗೋ ಗುದ್ದಿದರೆ ನಾವು ಅವನಿಗೆ ಬೈತೀವಿ, ಹತ್ತು ನಿಮಿಷ ಅಂತ ಬರೆದವರಿಗಲ್ಲ, ಆರ್ಡರ್ ಒತ್ತಿದ ನಮಗೂ ಅಲ್ಲ. ನಮ್ಮ ಅನುಕೂಲದ ಕೆಳಗೂ ಸಹಿ ಹಾಕದ ಜನ ನಡೀತಾ ಇರ್ತಾರೆ.

ಅಕ್ಕನ ಜೊತೆಗಿನ ಜಗಳ ಆದ ಮೇಲೆ, ಒಂದು ದಿನ ಅವಳ ಮಗಳನ್ನೇ ಫೋನಿನಲ್ಲಿ ಕೇಳಿದೆ. ಅವಳು ಯೋಚನೆ ಮಾಡೋಕೆ ಹೆಚ್ಚು ಹೊತ್ತು ತಗೊಳ್ಳಲಿಲ್ಲ. "ಮಾಮ, ಮೇಲೆ ಹೋದಮೇಲೆ ನಾನು ಒಳ್ಳೆಯವಳಾಗಿರ್ತೀನಾ ಅಂತ ನಂಗೆ ಗೊತ್ತಿಲ್ಲ. ಅದಕ್ಕೇ ಕೆಳಗೇ ಹೇಳ್ಕೊಂಡು ಹತ್ತೋದು." ಆಮೇಲೆ ಸ್ವಲ್ಪ ತಡೆದು, "ಇದನ್ನ ಅಮ್ಮಂಗೆ ಹೇಳ್ಬೇಡ" ಅಂದಳು.

ಹೇಳಿಲ್ಲ. ಈ ಪುಸ್ತಕ ಅಕ್ಕನ ಕೈಗೆ ಸಿಗುತ್ತೆ ಅನ್ನೋದೂ ಗೊತ್ತಿದೆ. ಸಿಕ್ಕಾಗ ಅವಳು ಬೈಯಲಿ. ಮಗಳು ಪ್ರತಿಸಲ ಹತ್ತುವ ಮುಂಚೆ ಯಾರ್ಯಾರನ್ನು ನೆನೆಸಿಕೊಳ್ತಾಳೆ ಅನ್ನೋದು ಅವಳಿಗೂ ಗೊತ್ತಾಗಲಿ.